ನೌಕರರ ಸೌಲಭ್ಯಗಳು ಮತ್ತು ಸಂಸ್ಥೆಯ ಕಾನೂನು ಅಧಿಕಾರಿ: ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಹಿಂದೆ ಬೃಹತ್ ಸಂಸ್ಥೆಗಳಲ್ಲಿ ಮಾತ್ರ ಕಾಣುತ್ತಿದ್ದ ಕಾನೂನು ಅಧಿಕಾರಿಯ ಹುದ್ದೆ ಈಗ ಮಧ್ಯಮ ಗಾತ್ರದ ಕಾರ್ಖಾನೆಗಳಲ್ಲಿಯೂ ಕಂಡುಬರುತ್ತಿದೆ. ಇನ್ನು ಕೆಲವೆಡೆ ಕಾನೂನು ಪದವಿ ಪಡೆದ ಸಿಬ್ಬಂದಿ ವ್ಯವಸ್ಥಾಪಕರೇ ಈ ಹೊಣೆಯನ್ನೂ ಹೊತ್ತಿರುತ್ತಾರೆ. ಭವಿಷ್ಯನಿಧಿ, ರಾಜ್ಯ ವಿಮೆ, ಬೋನಸ್, ಗ್ರಾಚ್ಯುಟಿ ಮೊದಲಾದ ವಿಷಯಗಳಲ್ಲಿ ಮಾಲೀಕರು ಮೊದಲು ಕೇಳುವುದು ಇವರ ಅಭಿಪ್ರಾಯವನ್ನೇ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಬಳಿಕ ಇಂತಹ ಸಲಹೆಯ ಅಗತ್ಯ ಹೆಚ್ಚಿದೆ. ಆದರೆ ಸಂಬಳಕ್ಕೆ ದುಡಿಯುವ ಸಲಹೆಗಾರನ ಕಾನೂನುಬದ್ಧ ಸ್ಥಾನವೇನು, ಆತನು ಬರೆದ ಟಿಪ್ಪಣಿಗೆ ರಕ್ಷಣೆ ಎಷ್ಟು ಎಂಬುದನ್ನು ಅನೇಕ ಉದ್ದಿಮೆದಾರರು ಯೋಚಿಸಿರುವುದಿಲ್ಲ. ಈ ಬಗ್ಗೆ ಕೆಲವು ಮುಖ್ಯ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಕಾನೂನು ಅಧಿಕಾರಿಯು ವಕೀಲನೇ?

ಭಾರತೀಯ ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ, ವಕೀಲ ವೃತ್ತಿಯಲ್ಲಿರುವವರು ಪೂರ್ಣಾವಧಿ ಸಂಬಳದ ನೌಕರರಾಗಿರುವಂತಿಲ್ಲ. ಅಂತಹ ನೌಕರಿಗೆ ಸೇರಿದವರು ಆ ಸಂಗತಿಯನ್ನು ಪರಿಷತ್ತಿಗೆ ತಿಳಿಸಿ, ನೌಕರಿಯಲ್ಲಿರುವವರೆಗೆ ವೃತ್ತಿಯನ್ನು ನಿಲ್ಲಿಸಬೇಕು. ಹಿಮಾಚಲ ಪ್ರದೇಶದ ವಿದ್ಯುಚ್ಛಕ್ತಿ ಮಂಡಳಿಯ ಕಾನೂನು ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಇದೇ ತತ್ವವನ್ನು ಎತ್ತಿಹಿಡಿಯಿತು. ಆದ್ದರಿಂದ ಕಾನೂನು ಅಧಿಕಾರಿಯು ಎಷ್ಟೇ ಅನುಭವಿಯಾಗಿದ್ದರೂ ಸಂಸ್ಥೆಯ ಪರವಾಗಿ ಕರಿಕೋಟು ಧರಿಸಿ ನ್ಯಾಯಾಲಯದಲ್ಲಿ ವಾದಿಸುವಂತಿಲ್ಲ.

ಇದರಿಂದ ಒಂದು ಅನುಕೂಲವೂ ಉಂಟು. ಕೈಗಾರಿಕಾ ವಿವಾದಗಳಲ್ಲಿ ಎದುರು ಪಕ್ಷದ ಸಮ್ಮತಿ ಮತ್ತು ನ್ಯಾಯಮಂಡಳಿಯ ಅನುಮತಿ ಇಲ್ಲದೆ ವಕೀಲರು ಹಾಜರಾಗುವಂತಿಲ್ಲ ಎಂಬುದು ಬಹುಕಾಲದಿಂದ ನಡೆದುಬಂದ ನಿಯಮ. ಆದರೆ ಸಂಸ್ಥೆಯ ವೇತನ ಪಡೆದು ಅದರ ನಿಯಂತ್ರಣದಲ್ಲಿರುವ, ವೃತ್ತಿನಿರತನಲ್ಲದ ಅಧಿಕಾರಿಯು ಕಾನೂನು ಪದವೀಧರನೆಂಬ ಒಂದೇ ಕಾರಣಕ್ಕೆ ಆತನನ್ನು ತಡೆಯಲಾಗದೆಂದು ಪಾರಾದೀಪ್ ಪೋರ್ಟ್ ಟ್ರಸ್ಟ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1976ರಲ್ಲಿ ಸ್ಪಷ್ಟಪಡಿಸಿತು. ವಕೀಲನಲ್ಲದಿರುವುದರಿಂದಲೇ ಆತನಿಗೆ ಇಲ್ಲಿ ಪ್ರವೇಶ ದೊರೆಯುತ್ತದೆ.

2. ಆತನ ಟಿಪ್ಪಣಿ ಎಷ್ಟು ಗೋಪ್ಯ?

ಉದ್ದಿಮೆದಾರರು ಅತ್ಯಂತ ಎಚ್ಚರ ವಹಿಸಬೇಕಾದ ವಿಷಯವಿದು. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೆಯ ಕಲಮು ವಕೀಲ ಮತ್ತು ಕಕ್ಷಿದಾರರ ನಡುವಿನ ಮಾತುಕತೆಗೆ ರಕ್ಷಣೆ ನೀಡುತ್ತದೆ. 134ನೆಯ ಕಲಮಿನಂತೆ ಕಕ್ಷಿದಾರನು ತನ್ನ ಕಾನೂನು ಸಲಹೆಗಾರನೊಂದಿಗೆ ನಡೆಸಿದ ಗೋಪ್ಯ ವ್ಯವಹಾರವನ್ನು ಬಹಿರಂಗಪಡಿಸುವಂತೆ ಆತನನ್ನು ಸಾಮಾನ್ಯವಾಗಿ ಬಲವಂತಪಡಿಸುವಂತಿಲ್ಲ. ಸಂಬಳದ ಕಾನೂನು ಅಧಿಕಾರಿಗೆ ಈ ರಕ್ಷಣೆ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರ್ 31ರಂದು ಉತ್ತರ ನೀಡಿತು. ನ್ಯಾಯಾಲಯದಲ್ಲಿ ವೃತ್ತಿ ನಡೆಸುವ ವಕೀಲನಲ್ಲದ ಕಾರಣ ಆತನಿಗೆ 132ನೆಯ ಕಲಮಿನ ರಕ್ಷಣೆಯಿಲ್ಲ. ಉದ್ಯೋಗದಾತನ ಹೊರಗಿನ ಕಾನೂನು ಸಲಹೆಗಾರನಿಗೆ ಆತನು ಬರೆದ ಪತ್ರಗಳಿಗೆ 134ನೆಯ ಕಲಮಿನ ರಕ್ಷಣೆ ದೊರೆಯುತ್ತದೆ. ಆದರೆ ಉದ್ಯೋಗದಾತ ಮತ್ತು ಕಾನೂನು ಅಧಿಕಾರಿಯ ನಡುವಿನ ವ್ಯವಹಾರಕ್ಕೆ ಅದನ್ನು ಕೋರುವಂತಿಲ್ಲ.

ಉದಾಹರಣೆಗೆ, ಎರಕದ ಕಾರ್ಖಾನೆಯೊಂದರ ಕಾನೂನು ಅಧಿಕಾರಿಯು ವ್ಯವಸ್ಥಾಪಕ ನಿರ್ದೇಶಕರಿಗೆ, "ಗುತ್ತಿಗೆ ಕಾರ್ಮಿಕರಿಗೆ ಮೂರು ವರ್ಷಗಳಿಂದ ಭವಿಷ್ಯನಿಧಿ ಕಟ್ಟಿಲ್ಲ, ಇದು ನಮ್ಮ ಮೇಲೆಯೇ ಬರಬಹುದು" ಎಂದು ಟಿಪ್ಪಣಿ ಕಳುಹಿಸಿದನೆಂದು ಭಾವಿಸಬಹುದು. ನಂತರ ವಿಚಾರಣೆ ನಡೆದಾಗ ಆ ಟಿಪ್ಪಣಿಯನ್ನು ಹಾಜರುಪಡಿಸುವಂತೆ ಕೇಳಿದರೆ, ಗೋಪ್ಯವೆಂಬ ಕಾರಣ ನೀಡಿ ಅದನ್ನು ತಡೆಯುವುದು ಕಷ್ಟ. ಬಾಕಿಯ ಅರಿವಿದ್ದೂ ಕಟ್ಟಲಿಲ್ಲವೆಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ. ಲೆಕ್ಕಪರಿಶೋಧಕರ ಸಲಹಾ ಪತ್ರಕ್ಕೂ ವಕೀಲರ ಪತ್ರಕ್ಕಿರುವ ಈ ಕಾನೂನು ರಕ್ಷಣೆಯಿಲ್ಲವೆಂಬುದನ್ನು ಇಲ್ಲಿಯೇ ನೆನಪಿಡಬೇಕು.

ಹಾಗೆಂದು ಟಿಪ್ಪಣಿ ಬರೆಯಬೇಡವೆಂದು ಅಧಿಕಾರಿಗೆ ಸೂಚಿಸುವುದು ಪರಿಹಾರವಲ್ಲ. ವಿವಾದದ ಸಂಭವವಿರುವ ವಿಷಯಗಳಲ್ಲಿ ಆರಂಭದಲ್ಲಿಯೇ ಹೊರಗಿನ ವಕೀಲರ ಲಿಖಿತ ಅಭಿಪ್ರಾಯ ಪಡೆಯುವುದು ಮೊದಲ ಕ್ರಮ. ತಪ್ಪು ಕಂಡುಬಂದಲ್ಲಿ ಬಾಕಿ ತೀರಿಸುವುದು ಎರಡನೆಯದು. ಕಾನೂನುಬಾಹಿರ ಉದ್ದೇಶಕ್ಕಾಗಿ ನಡೆದ ಮಾತುಕತೆಗೆ ವೃತ್ತಿನಿರತ ವಕೀಲರಿದ್ದರೂ ರಕ್ಷಣೆ ಸಿಗದು.

3. ಆತನು ಯಾರ ಸಲಹೆಗಾರ?

ಕಾನೂನು ಅಧಿಕಾರಿಯು ಸಂಸ್ಥೆಯ ಸಲಹೆಗಾರ. ನಿರ್ದೇಶಕರ ಖಾಸಗಿ ಸಲಹೆಗಾರನಲ್ಲ, ನೌಕರರ ಪ್ರತಿನಿಧಿಯೂ ಅಲ್ಲ. ಆದರೆ ಇಪ್ಪತ್ತು ವರ್ಷ ದುಡಿದು ನಿವೃತ್ತನಾಗುವ ಕಾರ್ಮಿಕನು ಮಧ್ಯಾಹ್ನದ ಊಟದ ವೇಳೆಯಲ್ಲಿ ಆತನ ಮೇಜಿನ ಬಳಿ ಬಂದು, "ಸಾರ್, ನನಗೆ ಎಷ್ಟು ಬರಬೇಕು?" ಎಂದು ಕೇಳುವುದು ಸಹಜ. ಆಗ ಆಡಿದ ಮಾತನ್ನು ಕಾರ್ಮಿಕನು ಸಂಸ್ಥೆಯ ಭರವಸೆಯೆಂದೇ ನಂಬುತ್ತಾನೆ. ಆದ್ದರಿಂದ ತಾನು ಸಂಸ್ಥೆಯ ಪರವಾಗಿ ಮಾತನಾಡುತ್ತಿರುವುದಾಗಿ ಅಧಿಕಾರಿಯು ಮೊದಲೇ ತಿಳಿಸಿ, ಲೆಕ್ಕವನ್ನು ಲಿಖಿತವಾಗಿ ಕಚೇರಿಯ ಮೂಲಕವೇ ಕೊಡಿಸುವುದು ಇಬ್ಬರಿಗೂ ಕ್ಷೇಮ.

ಅಲ್ಲದೆ ಆತನೂ ಒಬ್ಬ ನೌಕರನೇ. ಗ್ರಾಚ್ಯುಟಿ ಯೋಜನೆಯನ್ನು ಬದಲಿಸುವಾಗ ಆತನ ಸಲಹೆಯ ಫಲವು ಆತನಿಗೂ ತಟ್ಟುತ್ತದೆ. ಅಂತಹ ಸಂದರ್ಭದಲ್ಲಿ ಈ ಹಿತಾಸಕ್ತಿಯನ್ನು ಟಿಪ್ಪಣಿಯಲ್ಲಿ ನಮೂದಿಸಿ, ಅಂತಿಮ ಅಭಿಪ್ರಾಯವನ್ನು ಹೊರಗಿನವರಿಂದ ಪಡೆಯುವುದು ಸೂಕ್ತ. ಸಂಸ್ಥೆಯ ಗ್ರಾಚ್ಯುಟಿ ಟ್ರಸ್ಟಿಗೆ ಆತನನ್ನೇ ಟ್ರಸ್ಟಿಯಾಗಿ ನೇಮಿಸಿದರೆ ತೊಡಕು ಇನ್ನೂ ಹೆಚ್ಚುತ್ತದೆ. ಟ್ರಸ್ಟಿಯು ಫಲಾನುಭವಿಗಳಾದ ನೌಕರರ ಹಿತ ಕಾಯಬೇಕು. ಸಲಹೆಗಾರನು ಸಂಸ್ಥೆಯ ಹಿತ ಕಾಯಬೇಕು. ನಗದಿನ ಅಡಚಣೆಯ ವರ್ಷದಲ್ಲಿ ವಂತಿಗೆ ಮುಂದೂಡುವ ಪ್ರಶ್ನೆ ಬಂದಾಗ ಒಬ್ಬನೇ ವ್ಯಕ್ತಿ ಎರಡೂ ಕಡೆ ನಿಲ್ಲಲಾರ.

4. ಸಲಹೆ ತಪ್ಪಿದರೆ ಹಣದ ಪರಿಣಾಮವೇನು?

ಹೊಸ ಸಂಹಿತೆಗಳಲ್ಲಿ ವೇತನದ ವ್ಯಾಖ್ಯೆಯೇ ಪ್ರಮುಖ ಬದಲಾವಣೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಮುಂತಾದ ಹೊರತುಪಡಿಸಲಾದ ಬಾಬುಗಳ ಮೊತ್ತವು ಒಟ್ಟು ಪ್ರತಿಫಲದ ಶೇಕಡ 50ನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೆ ಸೇರಿಸಬೇಕು. ನೌಕರನೊಬ್ಬನ ತಿಂಗಳ ಪ್ರತಿಫಲದ ವಿವರ ಹೀಗಿದೆಯೆಂದು ಭಾವಿಸಬಹುದು:

ಮೂಲ ವೇತನ ಮತ್ತು ತುಟ್ಟಿಭತ್ಯೆ: ರೂ. 9,000
ಮನೆ ಬಾಡಿಗೆ ಭತ್ಯೆ: ರೂ. 10,000
ಪ್ರಯಾಣ ಭತ್ಯೆ: ರೂ. 5,000
ಒಟ್ಟು: ರೂ. 24,000

ಇಲ್ಲಿ ಭತ್ಯೆಗಳ ಮೊತ್ತ ರೂ. 15,000. ಒಟ್ಟು ಪ್ರತಿಫಲದ ಅರ್ಧ ರೂ. 12,000. ಮೀರಿದ ರೂ. 3,000ವನ್ನು ಸೇರಿಸಿದರೆ ವೇತನವು ರೂ. 12,000 ಆಗುತ್ತದೆ. ಇಪ್ಪತ್ತು ವರ್ಷಗಳ ಸೇವೆಗೆ 15/26ರ ಸೂತ್ರದಂತೆ ರೂ. 9,000ದ ಮೇಲೆ ಗ್ರಾಚ್ಯುಟಿ ರೂ. 1,03,846, ರೂ. 12,000ದ ಮೇಲೆ ರೂ. 1,38,462. ಒಬ್ಬನಿಗೇ ಸುಮಾರು ರೂ. 34,600ರ ವ್ಯತ್ಯಾಸ. ನಲವತ್ತು ಮಂದಿ ಹಳೆಯ ಕಾರ್ಮಿಕರಿರುವ ಘಟಕದಲ್ಲಿ ಇದು ಲಾಭ-ನಷ್ಟದ ತಖ್ತೆಯನ್ನೇ ಬದಲಿಸಬಲ್ಲದು. ಈ ಹೊಣೆಯನ್ನು ಲೆಕ್ಕಪತ್ರಗಳಲ್ಲಿ ಮುಂಚಿತವಾಗಿಯೇ ತೋರಿಸಬೇಕು.

ಭತ್ಯೆಗಳ ಹೆಸರು ಬದಲಿಸಿ ಹೊಣೆ ತಗ್ಗಿಸಬಹುದೆಂಬ ಸಲಹೆಯೂ ಅಪಾಯಕಾರಿ. ಎಲ್ಲ ನೌಕರರಿಗೂ ಸಾಮಾನ್ಯವಾಗಿ ನೀಡುವ ವಿಶೇಷ ಭತ್ಯೆಯು ಭವಿಷ್ಯನಿಧಿಯ ಲೆಕ್ಕಕ್ಕೆ ಮೂಲ ವೇತನದ ಭಾಗವೇ ಎಂದು ಸರ್ವೋಚ್ಚ ನ್ಯಾಯಾಲಯವು ಸಂಹಿತೆಗಳಿಗೂ ಮೊದಲೇ, 2019ರ ಫೆಬ್ರವರಿಯಲ್ಲಿ ತೀರ್ಪು ನೀಡಿತ್ತು. ಹಾಗೆಯೇ ಗ್ರಾಚ್ಯುಟಿ ಮುಟ್ಟುಗೋಲಿನ ವಿಷಯ. ನೌಕರನು ರಾಜೀನಾಮೆ ಕೊಟ್ಟು ಪ್ರತಿಸ್ಪರ್ಧಿಯ ಬಳಿ ಸೇರಿದನೆಂಬ ಕೋಪಕ್ಕೆ ಗ್ರಾಚ್ಯುಟಿ ತಡೆಯಲಾಗದು. ಸಂಸ್ಥೆಗೆ ನಷ್ಟ ಉಂಟುಮಾಡಿದ್ದಕ್ಕೆ, ಹಿಂಸಾತ್ಮಕ ನಡತೆಗೆ ಅಥವಾ ಸೇವೆಯ ಸಂದರ್ಭದಲ್ಲಿ ಎಸಗಿದ ನೈತಿಕ ಅಧಃಪತನದ ಅಪರಾಧಕ್ಕೆ ಕೆಲಸದಿಂದ ತೆಗೆದುಹಾಕಿದಾಗ ಮಾತ್ರ ಅದಕ್ಕೆ ಅವಕಾಶ.

ಎಲ್ಲಕ್ಕಿಂತ ಗಂಭೀರವಾದುದು, ನೌಕರನ ವೇತನದಿಂದ ಕಡಿತ ಮಾಡಿಕೊಂಡು ಕಟ್ಟದೆ ಉಳಿಸಿಕೊಂಡ ವಂತಿಗೆ. ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನ ವಿವರಣೆಯಂತೆ, ಭವಿಷ್ಯನಿಧಿ ಅಥವಾ ರಾಜ್ಯ ವಿಮೆಗೆಂದು ಕಡಿತ ಮಾಡಿದ ಹಣವು ಉದ್ಯೋಗದಾತನ ಕೈಯಲ್ಲಿರುವ ನಂಬಿಕೆಯ ಹಣ. ಕಾನೂನಿಗೆ ವಿರುದ್ಧವಾಗಿ ಅದನ್ನು ಕಟ್ಟದಿದ್ದರೆ ನಂಬಿಕೆದ್ರೋಹದ ಅಪರಾಧವಾಗುತ್ತದೆ. ಗಿರಾಕಿಗಳಿಂದ ಬಿಲ್ಲು ವಸೂಲಾಗಿಲ್ಲ ಎಂಬುದು ವ್ಯಾಪಾರದ ಕಷ್ಟ ನಿಜ. ಆದರೆ ಆ ಹಣ ವ್ಯಾಪಾರದ್ದಲ್ಲ. ಅದನ್ನು ಬೇರೆಡೆ ತೊಡಗಿಸಲು ದಾರಿ ತೋರಿಸಿದ ಅಧಿಕಾರಿಯೂ ದುಷ್ಪ್ರೇರಣೆಯ ಆರೋಪಕ್ಕೆ ಗುರಿಯಾಗಬಹುದು. "ಮೇಲಿನವರು ಹೇಳಿದರು" ಎಂಬ ಸಮಜಾಯಿಷಿ ಆಗ ನೆರವಿಗೆ ಬಾರದು.

5. ಅನುಸರಿಸಬೇಕಾದ ಕ್ರಮಗಳು

(ಅ) ಕಾನೂನು ಅಧಿಕಾರಿಯ ನೇಮಕಾತಿ ಪತ್ರದಲ್ಲಿ ಆತನ ಕರ್ತವ್ಯ, ಯಾರಿಗೆ ವರದಿ ಸಲ್ಲಿಸಬೇಕು ಮತ್ತು ಸನ್ನದಿನ ಸ್ಥಿತಿ ಏನು ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು.

(ಆ) ಕಾನೂನು ಅಭಿಪ್ರಾಯ ಮತ್ತು ದಿನನಿತ್ಯದ ಆಡಳಿತದ ಪತ್ರಗಳನ್ನು ಬೇರೆ ಬೇರೆ ಕಡತಗಳಲ್ಲಿ ಇರಿಸಬೇಕು. ಹೊರಗಿನ ವಕೀಲರೊಂದಿಗಿನ ಪತ್ರವ್ಯವಹಾರಕ್ಕೆ ಪ್ರತ್ಯೇಕ ಕಡತವಿರಲಿ.

(ಇ) ಗುತ್ತಿಗೆದಾರರ ಬಿಲ್ಲು ಪಾವತಿಸುವ ಮುನ್ನ ಭವಿಷ್ಯನಿಧಿ ಮತ್ತು ರಾಜ್ಯ ವಿಮೆಯ ಚಲನ್‌ಗಳನ್ನು ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಬೇಕು.

(ಈ) ಹೊಸ ವ್ಯಾಖ್ಯೆಯಂತೆ ಪ್ರತಿಯೊಬ್ಬ ನೌಕರನ ವೇತನವನ್ನು ಮತ್ತೊಮ್ಮೆ ಲೆಕ್ಕ ಹಾಕಿ, ಕಾನೂನು ಅಧಿಕಾರಿ ಮತ್ತು ಲೆಕ್ಕಪತ್ರ ವಿಭಾಗ ಎರಡೂ ಸಹಿ ಮಾಡಬೇಕು. ಅವಧಿ ಪೂರೈಸಿದ ನಿಗದಿತ ಅವಧಿಯ ನೌಕರರಿಗೆ ಗ್ರಾಚ್ಯುಟಿ ಪಡೆಯಲು ಐದು ವರ್ಷಗಳ ಸೇವೆಯ ಷರತ್ತು ಇಲ್ಲವೆಂಬುದನ್ನು ಮರೆಯಬಾರದು.

(ಉ) ಅಧಿಕಾರಿಯು ಲಿಖಿತವಾಗಿ ಎಚ್ಚರಿಸಿದ ಯಾವುದೇ ವಿಷಯವನ್ನು ಉತ್ತರಿಸದೆ ಬಿಡಬಾರದು. ಕೈಗೊಂಡ ಕ್ರಮವನ್ನು ಅದೇ ಟಿಪ್ಪಣಿಯ ಕೆಳಗೆ ದಾಖಲಿಸಬೇಕು.

ಸಂಬಳದ ಸಲಹೆಗಾರನಿಗೆ ಮಾಲೀಕನ ಮುಖ ನೋಡಿ ಮಾತನಾಡುವ ಒತ್ತಡ ಇದ್ದೇ ಇರುತ್ತದೆ. ಆತನ ಎಚ್ಚರಿಕೆಯನ್ನು ಅಸಹಕಾರವೆಂದು ಭಾವಿಸದೆ ಆಲಿಸುವ ಸಂಸ್ಥೆಗೆ, ಆತನ ಟಿಪ್ಪಣಿ ಮುಂದೊಂದು ದಿನ ನ್ಯಾಯಾಲಯದ ಮುಂದೆ ಬಂದರೂ ಅಳುಕಬೇಕಾದ ಕಾರಣವಿರುವುದಿಲ್ಲ.