ಪ್ರಾಣಿ ಆಶ್ರಯತಾಣ: ಕಾನೂನಿನ ಹೊಣೆ, ನಾಗರಿಕರ ದಾರಿ

ಆಸರೆಯಿಲ್ಲದ ಪ್ರಾಣಿಗಳನ್ನು ನೋಡಿಕೊಳ್ಳುವ ಹೊಣೆಯನ್ನು ಕಾನೂನು ಸಾಕಿದವರು, ಸ್ಥಳೀಯ ಸಂಸ್ಥೆ ಮತ್ತು ಸರ್ಕಾರದ ನಡುವೆ ಹಂಚಿದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 3ನೇ ಕಲಂ ಪ್ರಕಾರ, ಪ್ರಾಣಿ ಯಾರ ಸುಪರ್ದಿಯಲ್ಲಿದೆಯೋ ಅದರ ಯೋಗಕ್ಷೇಮದ ಹೊಣೆ ಅವರದೇ. ಗೋಶಾಲೆ ನಡೆಸುವವರಿಗೂ ಇದು ಅನ್ವಯಿಸುತ್ತದೆ. ಮೇವು, ನೀರು, ನೆಲೆ ಕೊಡದಿರುವುದನ್ನೂ ಸಕಾರಣವಿಲ್ಲದೆ ನೋವು ತಿನ್ನುವಂತೆ ಬೀದಿಗೆ ಬಿಡುವುದನ್ನೂ 11ನೇ ಕಲಂ ಕ್ರೌರ್ಯವೆಂದು ಹೇಳುತ್ತದೆ.

ಆಶ್ರಯತಾಣ ಹೇಗಿರಬೇಕು?

ಇದೇ ಕಾಯ್ದೆಯಡಿಯ 2001ರ ನಿಯಮಗಳಂತೆ ಪ್ರತಿ ಜಿಲ್ಲೆಯಲ್ಲೂ ಪ್ರಾಣಿದಯಾ ಸಂಘ ಇರಬೇಕು. ಅದರ ಆಶ್ರಯತಾಣಕ್ಕೆ ಸರ್ಕಾರ ಜಾಗ ಒದಗಿಸಬೇಕು. ಅಲ್ಲಿ ಪೂರ್ಣಾವಧಿ ಪಶುವೈದ್ಯರೂ ವ್ಯವಸ್ಥಾಪಕರೂ ಇರಬೇಕು. ಹಸಿವು, ನೋವು, ಭಯ, ಬಿಸಿಲು-ಮಳೆಯ ಬಾಧೆ ಇಲ್ಲದೆ, ತನ್ನ ಸಹಜ ಗುಣದಂತೆ ಬಾಳುವುದು ಪ್ರಾಣಿಯ ಹಕ್ಕು ಎಂದು 2014ರ ನಾಗರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾವುದೇ ಆಶ್ರಯತಾಣವನ್ನು ಅಳೆಯಲು ಇದೇ ಮಾನದಂಡ.

ದನ ಮತ್ತು ನಾಯಿ

ಉಡುಪಿ ಜಿಲ್ಲೆಯ ಬ್ರಹ್ಮಾವರ, ಕುಂದಾಪುರ, ಬೈಂದೂರು ಮೂರನ್ನೂ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಲಗುವ ದನಗಳಿಗೂ ಸವಾರರಿಗೂ ಅಪಾಯ ತಪ್ಪಿದ್ದಲ್ಲ. ಹೆದ್ದಾರಿಯ ಬೀಡಾಡಿ ದನಗಳನ್ನು ಗೋಶಾಲೆಗೆ ಸಾಗಿಸಿ ಮೇವು, ನೀರು, ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿತು. ಬ್ರಹ್ಮಾವರ ತಾಲ್ಲೂಕಿನ ನೀಲಾವರದಲ್ಲಿ ಪೇಜಾವರ ಮಠದ ಗೋಶಾಲೆ ಇದೆ. ಆದರೆ ಮಠ-ಟ್ರಸ್ಟ್‌ಗಳ ಸೇವೆಯಿಂದ ಸರ್ಕಾರದ ಹೊಣೆ ತೀರುವುದಿಲ್ಲ.

ಬೀದಿನಾಯಿಗಳ ಸಂತಾನಹರಣ ಚಿಕಿತ್ಸೆ ಮತ್ತು ರೇಬೀಸ್ ಲಸಿಕೆ 2023ರ ನಿಯಮಗಳಂತೆ ಸ್ಥಳೀಯ ಸಂಸ್ಥೆಯ ಕೆಲಸ. ಚಿಕಿತ್ಸೆಯ ನಂತರ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಕಡೆ ಹಿಡಿದವನ್ನು ಮಾತ್ರ ಅಲ್ಲಿಗೆ ಮರಳಿ ಬಿಡದೆ ಆಶ್ರಯತಾಣದಲ್ಲಿ ಇರಿಸಬೇಕೆಂದು ಅದೇ ನವೆಂಬರ್ ಆದೇಶ ಹೇಳುತ್ತದೆ.

ದೂರು ಕೊಡುವುದು ಹೇಗೆ?

ಗಾಯಗೊಂಡ ಜಾನುವಾರಿನ ಚಿಕಿತ್ಸೆಗೆ 1962, ಪೊಲೀಸರ ನೆರವಿಗೆ 112 ಸಂಖ್ಯೆಗೆ ಕರೆ ಮಾಡಬಹುದು. ದಿನಾಂಕ, ಸಮಯ, ಸ್ಥಳ ಕಾಣುವಂತೆ ಫೋಟೊ ತೆಗೆದಿಡುವುದು ಒಳ್ಳೆಯದು. ಲಿಖಿತ ದೂರನ್ನು ಪೊಲೀಸ್ ಠಾಣೆಗೆ ಕೊಟ್ಟು, ಪ್ರತಿಯನ್ನು ಕುಂದಾಪುರ ಪುರಸಭೆ, ಬೈಂದೂರು ಅಥವಾ ಸಾಲಿಗ್ರಾಮ ಪಟ್ಟಣ ಪಂಚಾಯತ್, ಇಲ್ಲವೇ ಆಯಾ ಗ್ರಾಮ ಪಂಚಾಯತ್‌ಗೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು.

ಪ್ರಾಣಿಯನ್ನು ಕೊಂದರೆ ಅಥವಾ ಅಂಗಹೀನಗೊಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಅಡಿ ಐದು ವರ್ಷದವರೆಗೆ ಸೆರೆವಾಸವಿದೆ. ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದು. ಆದರೆ 1960ರ ಕಾಯ್ದೆಯ ಹೆಚ್ಚಿನ ಅಪರಾಧಗಳ ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಈ ಕಾಯ್ದೆಯಡಿ ಘಟನೆ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ ಅವಕಾಶವೇ ತಪ್ಪುತ್ತದೆ. ವಶಪಡಿಸಿಕೊಂಡ ಪ್ರಾಣಿಯ ಪಾಲನೆಯ ವೆಚ್ಚವನ್ನು 2017ರ ನಿಯಮಗಳಂತೆ ಆರೋಪಿಯಿಂದ ವಸೂಲು ಮಾಡಬಹುದು.

ಸಂತಾನಹರಣ ಚಿಕಿತ್ಸೆಗೆ, ಆಶ್ರಯತಾಣಕ್ಕೆ ಎಷ್ಟು ಅನುದಾನ ಬಂತು, ಎಷ್ಟು ಖರ್ಚಾಯಿತು ಎಂದು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಕಾನೂನು ಸಲಹೆಗೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100 ಇದೆ.

ಆಗಬೇಕಾದ ಸುಧಾರಣೆ

11ನೇ ಕಲಂ ಅಡಿ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಇದನ್ನು ಹೆಚ್ಚಿಸಲು ಕೇಂದ್ರ ಸರ್ಕಾರ 2022ರಲ್ಲಿ ತಿದ್ದುಪಡಿ ಮಸೂದೆಯ ಕರಡು ಪ್ರಕಟಿಸಿತ್ತು. ಕ್ರೌರ್ಯಕ್ಕೆ ತಕ್ಕ ಶಿಕ್ಷೆ, ಆಶ್ರಯತಾಣಗಳ ನಿಯಮಿತ ತಪಾಸಣೆ, ಲೆಕ್ಕಪತ್ರದ ಬಹಿರಂಗ ಪ್ರಕಟಣೆ ಈ ಮೂರೂ ಕಾನೂನಿನಲ್ಲಿ ಗಟ್ಟಿಯಾಗಬೇಕು.