‘ತೊಳ್ಕೊಳ್ಳಲಿ’ ಬಂದವರಿಗೆ ಸ್ಪ್ಯಾನಿಷ್‌ನ ಏಳು ಸೂತ್ರಗಳು

ಆನೆಗೊಂದಿ, ಸಾಣಾಪುರದ ಕಡೆಗೆ ಬರುವ ವಿದೇಶಿ ಪ್ರವಾಸಿಗರಲ್ಲಿ ಸ್ಪೇನ್‌ನವರೂ ಇರುತ್ತಾರೆ. ಗಡಿಯಾಚೆಯ ಅನಂತಪುರದಲ್ಲಿ ವಿಸೆಂತೆ ಫೆರೆರ್ 1969ರಲ್ಲಿ ನೆಲೆನಿಂತು ಕಟ್ಟಿದ ಸೇವಾಸಂಸ್ಥೆಯಿಂದಾಗಿ ಸ್ಪ್ಯಾನಿಷ್ ಅಲ್ಲಿನ ಕಿವಿಗಳಿಗೆ ಹೊಸದಲ್ಲ. ಕೊಪ್ಪಳದ ಭಾಗ್ಯನಗರದ ಕೂದಲು ವ್ಯಾಪಾರವಂತೂ ದೇಶದ ಹೊರಗಿನ ಗಿರಾಕಿಗಳನ್ನೇ ನಂಬಿದೆ. ಈ ಸೀಮೆಯ ಹುಡುಗ ಹುಡುಗಿಯರು ಸ್ಪ್ಯಾನಿಷ್ ಕಲಿಯಲು ಕಾರಣಗಳಿವೆ. ಆದರೆ ಆತ್ಮಾರ್ಥಕ ಕ್ರಿಯಾಪದವನ್ನು ‘ಸಬ್ಜಂಕ್ಟಿವ್’ ರೂಪದಲ್ಲಿ ಹೇಳುವ ಪಾಠ ಬಂದ ಕೂಡಲೇ ಹಲವರು ಪುಸ್ತಕ ಮುಚ್ಚುತ್ತಾರೆ. ಮುಚ್ಚಬೇಡಿ. ಆ ಪಾಠಕ್ಕೆ ಬೇಕಾದ ಎರಡು ಸಾಮಾನೂ ನಿಮ್ಮ ಮನೆಮಾತಿನಲ್ಲೇ ಇವೆ.

1. ಇಂಗ್ಲಿಷ್ ದಾರಿ ಬಿಡಿ, ಕನ್ನಡದಿಂದಲೇ ಹೋಗಿ.
ನಮ್ಮಲ್ಲಿ ಅವ್ವ ಹೇಳುವ ‘ಅಂವ ಮಾರಿ ತೊಳ್ಕೊಳ್ಳಲಿ’ ಎಂಬ ಮಾತನ್ನು ಬಿಡಿಸಿ ನೋಡಿ. ‘ಕೊಳ್ಳು’ ಎಂದರೆ ಕೆಲಸದ ಫಲ ಮಾಡಿದವನಿಗೇ. ‘ಅಲಿ’ ಎಂದರೆ ಅದು ಇನ್ನೂ ಆಗಿಲ್ಲ, ಆಗಲಿ ಎಂಬ ಆಸೆ. ಹೈಸ್ಕೂಲಿನಲ್ಲಿ ಓದಿದ ವಿಧ್ಯರ್ಥಕ. ಸ್ಪ್ಯಾನಿಷ್‌ನಲ್ಲಿ ‘ಕೊಳ್ಳು’ ಇರುವ ಜಾಗದಲ್ಲಿ ‘ಸೆ’, ‘ಅಲಿ’ ಇರುವ ಜಾಗದಲ್ಲಿ ಕ್ರಿಯಾಪದದ ಕೊನೆಯ ಸ್ವರ. ‘ಕಿಯೇರೊ ಕೆ ಸೆ ಲಾವೆ ಲ ಕಾರ’: ಅವನು ಮುಖ ತೊಳೆದುಕೊಳ್ಳಲಿ ಅಂತ ನನ್ನಾಸೆ. ನಡುವಿನ ‘ಕೆ’ ನಮ್ಮ ‘ಅಂತ’. ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲೇ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು, ತಿರುಳ್ಗನ್ನಡದ ಸೀಮೆಗೆ ಸೇರಿಸಿತ್ತು. ಆ ಸೀಮೆಯವರು ಇದನ್ನು ಇಂಗ್ಲಿಷಿನ ಮೂಲಕ ಸುತ್ತಿ ಕಲಿಯುವುದು ನನಗೆ ನಿಜಕ್ಕೂ ನೋವಿನ ಸಂಗತಿ.

2. ಸ್ವರ ಅದಲುಬದಲು ಮಾಡಿ.
‘ನಾನು’ ರೂಪ ತೆಗೆದುಕೊಳ್ಳಿ, ಕೊನೆಯ ‘ಒ’ ಕಳೆಯಿರಿ. ‘ಆರ್’ ಗುಂಪಿನ ಕ್ರಿಯಾಪದವಾದರೆ ‘ಎ’ ಹಚ್ಚಿ, ‘ಎರ್’ ಮತ್ತು ‘ಇರ್’ ಗುಂಪಿಗೆ ‘ಅ’. ಲವಾರ್ಸೆ, ಮೆ ಲಾವೊ, ಸೆ ಲಾವೆ. ಪೊನೇರ್ಸೆ (ಹಾಕಿಕೊಳ್ಳು), ಮೆ ಪೊಂಗೊ, ಸೆ ಪೊಂಗ. ಈ ಲೆಕ್ಕಕ್ಕೆ ಸಿಗದವು ಆರೇ. ಅವುಗಳಲ್ಲಿ ಇಲ್ಲಿ ಹೆಚ್ಚು ಬೇಕಾಗುವುದು ‘ಈರ್ಸೆ’, ಅಂದರೆ ಹೊರಟುಹೋಗು. ಅದರ ರೂಪ ‘ಸೆ ವಾಯ’. ಬಾಯಿಪಾಠ ಮಾಡಿ, ಬೇರೆ ದಾರಿಯಿಲ್ಲ.

3. ಮುಂದಿನ ಪುಟ್ಟ ಪದವನ್ನು ನುಂಗಬೇಡಿ.
ಕನ್ನಡದ ‘ಅಲಿ’ ಯಾರಿಗಾದರೂ ಒಂದೇ. ಸ್ಪ್ಯಾನಿಷ್ ಹಾಗಲ್ಲ: ಮೆ ಲೆವಾಂತೆ, ತೆ ಲೆವಾಂತೆಸ್, ಸೆ ಲೆವಾಂತೆ, ನೊಸ್ ಲೆವಂತೇಮೊಸ್, ಸೆ ಲೆವಾಂತೆನ್. ‘ನಾನು ಏಳಲಿ’ ಮತ್ತು ‘ಅವನು ಏಳಲಿ’ ಎರಡಕ್ಕೂ ಕ್ರಿಯಾಪದ ‘ಲೆವಾಂತೆ’ಯೇ. ಯಾರು ಎಂದು ಹೇಳುವುದು ಮೆ, ಸೆ ಮಾತ್ರ. ಸ್ಪೇನ್‌ನವರು ಸಲಿಗೆಯಿಂದ ‘ನೀವೆಲ್ಲ’ ಎನ್ನಲು ‘ಒಸ್’ ಬಳಸುತ್ತಾರೆ; ಲ್ಯಾಟಿನ್ ಅಮೆರಿಕದಲ್ಲಿ ಅದರ ಗೊಡವೆಯಿಲ್ಲ.

4. ‘ಕೊಳ್ಳು’ ಇದ್ದಲ್ಲಿ ಧೈರ್ಯ, ಇಲ್ಲದಲ್ಲಿ ಎಚ್ಚರ.
ತಲಿ ಹಿಕ್ಕೊಳ್ಳುವುದು ಪೇಯ್ನಾರ್ಸೆ. ಬಾಚುವಾಗ ಉದುರಿದ ಕೂದಲನ್ನು ಮನೆಮನೆಯಿಂದ ತರಿಸಿ, ಸಿಕ್ಕು ಬಿಡಿಸಿ ಮಾರುವ ಊರಿಗೆ ಇದಕ್ಕಿಂತ ಹತ್ತಿರದ ಪದ ಯಾವುದಿದೆ? ‘ಸೆ ಪೇಯ್ನೆ’: ಹಿಕ್ಕೊಳ್ಳಲಿ. ಉಳಿದುಕೊಳ್ಳುವುದು ಕೆದಾರ್ಸೆ, ಹೋಂಸ್ಟೇ ನಡೆಸುವವರಿಗೆ ‘ಎಸ್ಪೇರೊ ಕೆ ಸೆ ಕೇದೆನ್’, ಅಂದರೆ ಅವರು ಉಳಿದುಕೊಳ್ಳಲಿ ಎಂಬ ನಿರೀಕ್ಷೆ. ಇವು ಕನ್ನಡಕ್ಕೆ ಕೂಡಿ ಬರುತ್ತವೆ. ಆದರೆ ಏಳು, ಕುಂದ್ರು, ಹೊರಟುಹೋಗು ಎಂಬಲ್ಲಿ ನಮಗೆ ‘ಕೊಳ್ಳು’ ಬೇಡ, ಅವರಿಗೆ ‘ಸೆ’ ಬೇಕೇ ಬೇಕು. ಇವನ್ನು ಬೇರೆ ಪಟ್ಟಿ ಮಾಡಿ ಗೋಡೆಗೆ ಹಚ್ಚಿ.
ಒಂದು ಲಾಭವೂ ಇದೆ. ‘ಕೈ ತೊಳ್ಕೋ’ ಎನ್ನುವಾಗ ನಾವು ‘ನಿನ್ನ ಕೈ’ ಎನ್ನುವುದಿಲ್ಲ, ಸ್ಪ್ಯಾನಿಷರೂ ಎನ್ನುವುದಿಲ್ಲ. ಇಂಗ್ಲಿಷ್ ಮಾತಾಡುವವರು ತಿಂಗಳುಗಟ್ಟಲೆ ಎಡವುವ ಜಾಗವನ್ನು ನೀವು ದಾಟಿಯೇ ಬಂದಿದ್ದೀರಿ.

5. ಸೆಂತಾರ್ಸೆ, ಸೆಂತೀರ್ಸೆ: ಇಲ್ಲಿ ಒಂದು ಸಂಜೆ ಕಳೆಯಿರಿ.
ಮೊದಲನೆಯದು ಕುಂದ್ರು, ಎರಡನೆಯದು ಅನಿಸು. ಸುಮ್ಮನೆ ಹೇಳುವಾಗ ‘ಸೆ ಸಿಯೆಂತ’ ಎಂದರೆ ಕೂಡುತ್ತಾನೆ, ‘ಸೆ ಸಿಯೆಂತೆ’ ಎಂದರೆ ಅವನಿಗೆ ಅನಿಸುತ್ತದೆ. ಸಬ್ಜಂಕ್ಟಿವ್‌ಗೆ ಬಂದರೆ ಎರಡೂ ಜಾಗ ಬದಲಿಸುತ್ತವೆ! ‘ಕೆ ಸೆ ಸಿಯೆಂತೆ’ ಎಂದರೆ ಕುಂದ್ರಲಿ. ‘ಕೆ ಸೆ ಸಿಯೆಂತ’ ಎಂದರೆ ಅನಿಸಲಿ. ‘ನಾವು’ ರೂಪದಲ್ಲಿ ನಡುವಿನ ಸ್ವರವೂ ಬೇರೆಯಾಗುತ್ತದೆ: ಕೂಡುವುದಾದರೆ ‘ನೊಸ್ ಸೆಂತೇಮೊಸ್’, ಅನಿಸುವುದಾದರೆ ‘ನೊಸ್ ಸಿಂತಾಮೊಸ್’. ಈ ಜೋಡಿಯನ್ನು ಗಟ್ಟಿಯಾಗಿ ಓದಿ, ಗೆಳೆಯರಿಂದ ಕೇಳಿಸಿಕೊಳ್ಳಿ. ಇದು ಕೈಗೆ ಬಂದರೆ ಎರಡನೆಯ ಸೂತ್ರ ಮತ್ತೆಂದೂ ಮರೆಯುವುದಿಲ್ಲ.

6. ಎಲ್ಲಿ ಬಳಸಬೇಕೆಂದು ತಿಳಿಯಿರಿ.
ಆಸೆ, ಅನುಮಾನ, ಭಯ, ‘ಆಗಲಿ ಎಂದು’ ಮಾಡುವ ಕೆಲಸ, ಇವುಗಳ ಹಿಂದೆ ಬೇರೊಬ್ಬರ ಕ್ರಿಯೆ ಬಂದರೆ ಸಬ್ಜಂಕ್ಟಿವ್. ಏಳಬೇಕಾದವರು ನೀವೇ ಆದರೆ ಬೇಡ: ‘ಕಿಯೇರೊ ಲೆವಂತಾರ್ಮೆ’ ಸಾಕು. ಅನುಮಾನಕ್ಕೆ ನಾವು ‘ಎದ್ದಾನೋ ಇಲ್ಲವೋ’ ಎಂದು ಸಂಭಾವನಾರ್ಥಕ ಹಿಡಿಯುತ್ತೇವೆ, ಅವರಿಗೆ ಅದೇ ‘ಸೆ ಲೆವಾಂತೆ’. ನಾಳೆ ‘ಎದ್ದಾಗ’ ಎನ್ನಲೂ ಅದೇ: ‘ಕ್ವಾಂದೊ ಸೆ ಲೆವಾಂತೆ’. ಕನ್ನಡದಲ್ಲಿ ಇಲ್ಲಿ ‘ಅಲಿ’ ಇಲ್ಲದ್ದರಿಂದ ತಪ್ಪುವ ಸಂಭವ ಹೆಚ್ಚು.
‘ಓಹಲಾ’ ಎಂಬ ಪದ ಕಂಡರೆ ಯೋಚನೆಯೇ ಬೇಡ, ಮುಂದಿನದು ಸಬ್ಜಂಕ್ಟಿವ್. ಅರಬ್ಬಿಯಿಂದ ಬಂದ ಪದ. ಅದರೊಳಗೆ ಅಲ್ಲಾಹನ ಹೆಸರಿದೆ. ನಮ್ಮ ಓಣಿಗಳಲ್ಲಿ ಕೇಳುವ ‘ಇನ್ಶಾ ಅಲ್ಲಾ’ದ ದೂರದ ನೆಂಟ. ‘ಓಹಲಾ ಕೆ ತೆ ಮೆಹೋರೆಸ್’: ನಿನಗೆ ಬೇಗ ಗುಣವಾಗಲಿ.

7. ಅತಿಥಿಗೆ ಹೇಳುವಾಗ ‘ಸೆ’ಯ ಜಾಗ ನೋಡಿ.
ಗೌರವದ ‘ನೀವು’ ಅವರಲ್ಲಿ ‘ಉಸ್ತೆದ್’, ಅದಕ್ಕೂ ‘ಸೆ’ಯೇ. ಗುಡಿಯ ಬಾಗಿಲಲ್ಲಿ ‘ಚಪ್ಪಲಿ ಬಿಚ್ರಿ’ ಎನ್ನಲು ‘ಕೀತೆಸೆ ಲೋಸ್ ಸಪಾತೋಸ್, ಪೋರ್ ಫಾವೋರ್’; ‘ಸೆ’ ಹಿಂದೆ ಅಂಟಿತು. ಬೇಡ ಎನ್ನುವಾಗ ಮುಂದೆ ಬರುತ್ತದೆ, ಗುಂಪಿಗೆ ಹೇಳುವುದಾದರೆ ಹೀಗೆ: ‘ನೊ ಸೆ ಬಾನ್ಯೆನ್ ಅಕೀ’, ಇಲ್ಲಿ ನೀರಿಗಿಳಿಯಬೇಡಿ. ಹೊಳೆಯ ಸೆಳೆತ ಗೊತ್ತಿಲ್ಲದವರಿಗೆ ಈ ವಾಕ್ಯವನ್ನು ತಡವರಿಸದೆ ಹೇಳಲು ಬರಬೇಕು. ಮೊದಲ ವಾರಕ್ಕೆ ತೊಳೆ, ಹಿಕ್ಕು, ಹಾಕು, ಉಳಿ ಈ ನಾಲ್ಕೇ ಸಾಕು. ಏಳು, ಕುಂದ್ರು, ಹೊರಟುಹೋಗು ಎರಡನೆಯ ವಾರಕ್ಕಿರಲಿ.