ಕಾರಿನ ಸ್ಪಾರ್ಕ್ ಪ್ಲಗ್ಗನ್ನು ಬದಲಿಸತಕ್ಕ ಕಾಲವೂ ಕಾರಣವೂ

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣಕ್ಕೆ ಕಿಡಿ ಕೊಡುವ ಸಾಧನವೇ ಸ್ಪಾರ್ಕ್ ಪ್ಲಗ್ಗು. ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿಗೆ ಇದು ಬೇಕಿಲ್ಲ. ಅಲ್ಲಿ ಒತ್ತಿದ ಗಾಳಿಯ ಕಾವಿನಿಂದಲೇ ಎಣ್ಣೆಯು ಉರಿಯುವುದು. ಪ್ರತಿಯೊಂದು ಕಿಡಿಯಿಂದಲೂ ಪ್ಲಗ್ಗಿನ ತುದಿಯು ಸವೆದು, ಸುಮಾರು 1 ಮಿಲಿಮೀಟರಿನ ಸಂದು ಅಗಲವಾಗುತ್ತ ಹೋಗುವುದು. ಆಗ ಕಿಡಿ ತಪ್ಪಿ ಪೆಟ್ರೋಲು ಉರಿಯದೆ ಹೊರಬೀಳುವುದು; ಹೊಗೆ ಶುದ್ಧಿಮಾಡುವ ಬೆಲೆಬಾಳುವ ಕನ್ವರ್ಟರೂ ಕೆಡುವುದು. ನಡುರಾತ್ರಿ ರೋಗಿಯನ್ನು ಕಲಬುರಗಿಗೆ ಒಯ್ಯಬೇಕಾದಾಗ ಕಾರು ಚಾಲೂ ಆಗದಿದ್ದರೆ ನಷ್ಟವು ಹಣದ್ದು ಮಾತ್ರವಲ್ಲ. ಸಾಧಾರಣ ಪ್ಲಗ್ಗನ್ನು 30ರಿಂದ 40 ಸಾವಿರ ಕಿಲೋಮೀಟರಿಗೊಮ್ಮೆ, ಇರಿಡಿಯಮ್ ತುದಿಯದನ್ನು ಸುಮಾರು ಒಂದು ಲಕ್ಷಕ್ಕೊಮ್ಮೆ ಬದಲಿಸತಕ್ಕದ್ದು. ಆಯಾ ಕಾರಿನ ಕೈಪಿಡಿಯ ಲೆಕ್ಕವೇ ಪ್ರಮಾಣ.

ಬಿಚ್ಚಿದ ಪ್ಲಗ್ಗಿನ ತುದಿಯು ತಿಳಿ ಕಂದಾಗಿದ್ದರೆ ಎಂಜಿನ್ನು ಕ್ಷೇಮ. ಹಳೆಯ ಕಾರ್ಬುರೇಟರ್ ವಾಹನಗಳಲ್ಲಿ ಒಣ ಮಸಿ ಕಂಡರೆ ಮೊದಲು ಏರ್ ಫಿಲ್ಟರನ್ನು ನೋಡತಕ್ಕದ್ದು. ಶಹಾಬಾದ, ವಾಡಿಗಳ ಕಲ್ಲುಗಣಿ ಮತ್ತು ಸಿಮೆಂಟು ಕಾರ್ಖಾನೆಗಳ ಧೂಳು ಅದನ್ನು ಬೇಗ ಕಟ್ಟಿಸುವುದು. ಹಾಗಿರುವಾಗ ಹೊಸ ಪ್ಲಗ್ಗೂ ಕಪ್ಪಾಗುವುದು. ಎಣ್ಣೆಪಸೆಯಿದ್ದರೆ ರಿಂಗುಗಳು ಸವೆದಿರಬಹುದು. ಆ ರೋಗಕ್ಕೆ ಪ್ಲಗ್ಗು ಮದ್ದಲ್ಲ.

ತಣಿದ ಎಂಜಿನ್ನಿನಿಂದಲೇ ಪ್ಲಗ್ಗನ್ನು ಬಿಚ್ಚಬೇಕು. ಅದಕ್ಕೆ ಮುಂಚೆ ಸುತ್ತಲಿನ ಧೂಳನ್ನು ಊದಿ ತೆಗೆಯಬೇಕು. ಕಲ್ಲಿನ ಹರಳೊಂದು ಒಳಬಿದ್ದರೂ ಸಿಲಿಂಡರಿನ ಗೋಡೆ ಗೀರುವುದು. ಹೊಸದನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ಆ ಬಳಿಕ ಪಾನಾ ಹಾಕತಕ್ಕದ್ದು.